ಬಾಯಿ ಊರೊಳಗಿರಬೇಕು

ನಮ್ಮೂರಲ್ಲಿ ಮಗನ ಕೆನ್ನೆಗೆ ಬಾರಿಸಿದ ತಾಯಿ ಮೊದಲು ತನ್ನ ಕೆನ್ನೆ ಹಿಡಿದುಕೊಳ್ಳುತ್ತಾಳೆ. ಬೇರೆ ಊರಿನವರು ನೋಡಿ ನಗುತ್ತಾರೆ, ನಗಲಿ. ಗಡಿಕಲ್ಲಿನ ಒಳಗೆ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ನೋವು ಕೊಟ್ಟವರ ಮೈಮೇಲೂ ಏಳುತ್ತದೆ. ಹೇಳಿ ಮಾಡಿಸಿದ್ದಾದರೆ ಹೇಳಿದವರ ಮೈಮೇಲೆ ಏಳುತ್ತದೆ, ಮಾಡಿದ ಕೈಗೆ ಏನೂ ಆಗುವುದಿಲ್ಲ. ಅದಕ್ಕೇ ಇಲ್ಲಿ ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ 'ಯಾರ ಮಾತು?' ಅಂತ ಕೇಳುವ ರೂಢಿ. ಮರ ಕಡಿಯುವವನು ಕೊಡಲಿ ಎತ್ತಿ ಹಿಡಿದು ಕೇಳುತ್ತಾನೆ. ಹಲ್ಲು ಕೀಳುವ ಡಾಕ್ಟರಂತೂ ರೋಗಿಯ ಬಾಯಲ್ಲಿ 'ನನ್ನ ಮಾತು' ಅನ್ನಿಸದೆ ಇಕ್ಕಳ ಮುಟ್ಟುವುದಿಲ್ಲ. ಹಾಗೆ ಅನ್ನುವವರು ಒಬ್ಬರು ಸಿಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ನಾನು ಸುಂದರಾಂಬ, ಪೇಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಗಿರಣಿ ಸದ್ದಿನ ಮೇಲೆ ಕಿರುಚಿ ಕಿರುಚಿ ನನ್ನ ಗಂಟಲು ಊರಿಗೇ ಕೇಳುವಂಥದ್ದು. ಮೆತ್ತಗೆ ಮಾತಾಡು ಅಂದರೆ ನನ್ನಿಂದಾಗದು. ನನ್ನ ತಂಗಿ ವಾರಿಜ ಇದಕ್ಕೆ ತಿರುವುಮುರುವು. ಬಾಯಿಗೆ ಬೆರಳಿಟ್ಟರೆ ಕಚ್ಚಲು ಬಾರದವಳು ಅನ್ನುತ್ತಾರಲ್ಲ, ಅಂಥವಳು. ಅವ್ವ ಹೋದ ಮೇಲೆ ಅವಳನ್ನು ಸಾಕಿದ್ದು ನಾನೇ. ಬೈದು ಬೈದು ಸಾಕಿದೆ. ಅವಳ ಮನಸ್ಸಿಗೆ ನೋವಾದಾಗೆಲ್ಲ ನನ್ನ ಎದೆಯಲ್ಲಿ ಚುಚ್ಚುತ್ತಿತ್ತು, ಆದರೂ ಬೈಯುವುದು ಬಿಡಲಿಲ್ಲ.

ಹೊಳೆಯ ಮೇಲ್ಭಾಗದಲ್ಲಿ ಬಣ್ಣದ ಕಾರ್ಖಾನೆ ಬಂದಿತು. ಕಂಪನಿ ಸಮುದ್ರದಾಚೆಯದು. ದಿನಾ ಸಂಜೆ ದೊಡ್ಡ ತೊಟ್ಟಿಗಳ ನೀರನ್ನು ಹೊಳೆಗೆ ಬಿಡುವ ಹೊತ್ತಿಗೆ ಮೇಸ್ತ್ರಿ ಬೋರಯ್ಯ 'ಯಾರ ಮಾತು?' ಅಂತ ಕೇಳುತ್ತಿದ್ದ. ಆಫೀಸಿನಿಂದ ಒಬ್ಬ ಗುಮಾಸ್ತ 'ಕಂಪನಿ ಮಾತು' ಅನ್ನುತ್ತಿದ್ದ. ಕೇಳುವುದಕ್ಕೆ ಅದೂ ಉತ್ತರದ ಹಾಗೇ ಇತ್ತು, ಬೋರಯ್ಯ ಚಕ್ರ ತಿರುಗಿಸುತ್ತಿದ್ದ.

ಸ್ವಲ್ಪ ದಿನಕ್ಕೆ ಹೊಳೆ ಕೆಳಗಿನ ಕೆಳಪೇಟೆಯ ಜನರ ಮೈಮೇಲೆ ಬೊಬ್ಬೆ ಎದ್ದವು, ಕೆಮ್ಮು ಹಿಡಿಯಿತು. ಬೇರೆ ಊರಿನವರಾಗಿದ್ದರೆ ಹೋಗಿ ಹೊಳೆ ನೋಡುತ್ತಿದ್ದರು. ನಮ್ಮವರು ಒಬ್ಬರ ಮೈ ಒಬ್ಬರು ನೋಡಿದರು. ಪುರಸಭೆಯ ಅಧ್ಯಕ್ಷರಿಂದ ಹಿಡಿದು ಎಲ್ಲರೂ ಸಂತೆ ಮೈದಾನದಲ್ಲಿ ಅಂಗಿ ಬಿಚ್ಚಿ ನಿಂತರು. ಹೊಳೆಗಿಳಿಯದ ಒಬ್ಬನ ಮೈಮೇಲೂ ಒಂದು ಗುಳ್ಳೆ ಇರಲಿಲ್ಲ. "ಯಾರ ಮೈಮೇಲೂ ಎದ್ದಿಲ್ಲ ಅಂದ್ಮೇಲೆ ಯಾರೂ ಮಾಡಿಲ್ಲ ಬಿಡಿ," ಅಂದುಕೊಂಡು ಅಂಗಿ ತೊಟ್ಟು ಮನೆಗೆ ಹೋದರು. ಕೆಳಪೇಟೆಯವರೂ ಹಾಗೇ ಅಂದುಕೊಂಡು ಹೋದರಲ್ಲ, ಅದು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

"ಬಾಯಿ ಗಡಿಯಾಚೆ ಇದೆ ಕಣ್ರೀ," ಅಂತ ಮೊದಲು ಹೇಳಿದವರು ವಕೀಲ ಮಾರ್ಕಂಡಯ್ಯ. ಊರಿಗೆಲ್ಲ ಅವರೊಬ್ಬರೇ ವಕೀಲರು. ನಮ್ಮಂಥ ಊರಲ್ಲಿ ವಕೀಲರಿಗೇನು ಕೆಲಸ, ನೊಣ ಹೊಡೆಯುತ್ತಿದ್ದರು. ಈಗ ಎದ್ದು ಕೂತರು. ಸಮುದ್ರ ದಾಟಿ ಕಂಪನಿಯ ದೇಶದ ಕೋರ್ಟಿಗೆ ಹೋದರು. ಹೊಳೆ ಇರುವುದು ನಿಮ್ಮೂರಲ್ಲಿ, ಅಲ್ಲೇ ಕೇಳಿ, ಅಂದರು ಅವರು. ತಿರುಗಿ ಬಂದು ನಮ್ಮ ಕೋರ್ಟಿನಲ್ಲಿ ಕೇಳಿದರೆ, ಮಾತು ಹುಟ್ಟಿದ್ದು ಅಲ್ಲಿ, ಅಲ್ಲೇ ಹೋಗಿ, ಅಂದರು ಇವರು. ಮಾರ್ಕಂಡಯ್ಯ ಅರ್ಧ ಆಗಿಹೋಗಿದ್ದರು, ಕೋಟು ಮೊಳೆಗೆ ತೂಗುಹಾಕಿದ ಹಾಗೆ ಕಾಣುತ್ತಿತ್ತು.

ಆದರೂ ಬಿಡಲಿಲ್ಲ ಪುಣ್ಯಾತ್ಮ. ನಮ್ಮಂಥ ಊರುಗಳು ಬೇರೆ ದೇಶಗಳಲ್ಲೂ ಇವೆಯಂತೆ. ಒಂದು ಹಿಮದಲ್ಲಿ, ಒಂದು ಮರಳುಗಾಡಿನ ಅಂಚಿನಲ್ಲಿ, ಇನ್ನೊಂದು ಎಲ್ಲೋ ದ್ವೀಪದಲ್ಲಿ. ಅಲ್ಲೆಲ್ಲ ಇದೇ ಕಂಪನಿಯ ಕಾರ್ಖಾನೆ, ಅದೇ ಬೊಬ್ಬೆ. ಅವರೆಲ್ಲರಿಗೂ ಬರೆದು, ಕಾದು, ಮತ್ತೆ ಬರೆದು, ಕೊನೆಗೆ ಎಲ್ಲ ಊರುಗಳೂ ಒಂದೇ ಕಾನೂನನ್ನು ಒಂದೇ ದಿನ ಮಾಡುವ ಹಾಗೆ ಮಾಡಿದರು. ಕಾರ್ಖಾನೆಗೆ ಮಾತು ಕೊಡುವವರು ಯಾರೇ ಆಗಲಿ, ಆ ಊರಿನ ಗಡಿಕಲ್ಲಿನ ಒಳಗೇ ವಾಸ ಇರಬೇಕು. ಅವರ ಕುರ್ಚಿ ಒಂದು ದಿನವೂ ಖಾಲಿ ಇರಕೂಡದು. ಊರವರು ಅದಕ್ಕೆ ಬಾಯಿ ಕಾನೂನು ಅಂತ ಹೆಸರಿಟ್ಟು ಬೀದಿಯಲ್ಲಿ ಸಕ್ಕರೆ ಹಂಚಿದರು.

ಕಂಪನಿ ತಕರಾರು ಮಾಡಲಿಲ್ಲ. ಅಲ್ಲೇ ನಮಗೆ ಭಯ ಹುಟ್ಟಬೇಕಿತ್ತು. ಆಗಲಿ, ನಿಮ್ಮೂರಿನವರನ್ನೇ ಕೂರಿಸುತ್ತೇವೆ, ಪೂರ್ತಿ ಅಧಿಕಾರ ಕೊಡುತ್ತೇವೆ, ಅಂದಿತು. ಆ ಆಫೀಸಿನಲ್ಲಿ ಟೈಪು ಮಾಡಿಕೊಂಡಿದ್ದ ವಾರಿಜಳನ್ನು ಸ್ಥಳೀಯ ನಿರ್ದೇಶಕಿ ಅಂತ ಮಾಡಿತು.

ಸಹಿ ಹಾಕಿಸಿಕೊಳ್ಳಲು ಕಂಪನಿಯ ಅಧ್ಯಕ್ಷನೇ ಬಂದಿದ್ದ. ಕಾರು ಗಡಿಕಲ್ಲಿನ ಆಚೆಗೇ ನಿಂತಿತು. ಅವನು ಆಚೆ, ನನ್ನ ತಂಗಿ ಈಚೆ. ಕಾಗದ ಕಲ್ಲಿನ ಮೇಲಿಂದ ಕೈ ದಾಟಿ ಬಂದು, ಸಹಿ ಬಿದ್ದು, ಒಂದು ಪ್ರತಿ ಇವಳ ಕೈಯಲ್ಲಿ ಉಳಿದು ಇನ್ನೊಂದು ವಾಪಸು ಹೋಯಿತು. ನಗುಮುಖದ ಮನುಷ್ಯ, ಜೊತೆಗೊಬ್ಬ ದುಭಾಷಿ. "ನಿಮ್ಮ ತಂಗಿಯ ಮೇಲೆ ಅವರಿಗೆ ಪೂರ್ತಿ ನಂಬಿಕೆ ಇದೆಯಂತೆ," ಅಂದ ದುಭಾಷಿ ನನಗೆ. ಸಂಜೆ ಬಿಸಿಲಿಗೆ ಅಧ್ಯಕ್ಷನ ನೆರಳು ಉದ್ದವಾಗಿ ಕಲ್ಲಿನ ಈಚೆಗೆ ಬಿದ್ದಿತ್ತು. ಅದು ಅವನ ಕಣ್ಣಿಗೆ ಬಿತ್ತು. ನಗು ಹಾಗೇ ಇಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನೆರಳನ್ನೂ ಆಚೆಗೆಳೆದುಕೊಂಡ.

ವಾರಿಜಳ ಕೋಣೆಯಲ್ಲಿ ಒಂದು ದೊಡ್ಡ ಕುರ್ಚಿ, ಮೇಜಿನ ಮೇಲೊಂದು ಕರಿ ಪೆಟ್ಟಿಗೆ. ಸಂಜೆಯಾದರೆ ಆ ಪೆಟ್ಟಿಗೆ ಮಾತಾಡುತ್ತಿತ್ತು. ಮೊದಲು ಅಧ್ಯಕ್ಷನ ದನಿ, ಅದರ ಬೆನ್ನಿಗೆ ದುಭಾಷಿಯ ದನಿ. "ಇದು ಆದೇಶವಲ್ಲ ಮೇಡಂ. ತೊಟ್ಟಿಗಳು ತುಂಬಿವೆಯಂತೆ. ಬೇರೆ ಊರುಗಳಲ್ಲಿ ಬಿಟ್ಟಿದ್ದಾರೆ. ನಿಮಗೆ ಸರಿ ಕಂಡರೆ ಮಾತ್ರ. ನಿರ್ಧಾರ ಪೂರ್ತಿ ನಿಮ್ಮದು." ಬಾಗಿಲಲ್ಲಿ ಬೋರಯ್ಯ ಬಂದು ನಿಂತು, "ಯಾರ ಮಾತಮ್ಮ?" ಅನ್ನುತ್ತಿದ್ದ. ಮೊದಲ ದಿನ ವಾರಿಜ "ಇವತ್ತು ಬೇಡ" ಅಂದಳಂತೆ. "ಖಂಡಿತ, ಖಂಡಿತ," ಅಂದಿತಂತೆ ಪೆಟ್ಟಿಗೆ. "ಕೆಲಸ ನಿಂತರೆ ಇಷ್ಟೊಂದು ಮನೆಗಳ ಒಲೆ ಆರುತ್ತದೆ, ಅದೊಂದೇ ಯೋಚನೆ. ಆದರೂ ನಿಮ್ಮಿಷ್ಟ." ಅವಳು "ನನ್ನ ಮಾತು" ಅಂದಳು. ಆಮೇಲೆ ದಿನಾ ಅಂದಳು.

ಮೊದಲ ಬೊಬ್ಬೆ ಎಡಗೈ ಮಣಿಕಟ್ಟಿನಲ್ಲಿ ಎದ್ದಿತು. ಆಮೇಲೆ ಕತ್ತು, ಬೆನ್ನು. ತಲೆಗೆ ನೀರು ಹಾಕುವಾಗ ನೋಡಿ ನನ್ನ ಕೈಯಿಂದ ಚೆಂಬು ಬಿತ್ತು. ಒಂದು ಬೊಬ್ಬೆಯ ಹಾಗೆ ಇನ್ನೊಂದಿಲ್ಲ, ಪ್ರತಿಯೊಂದೂ ಒಬ್ಬೊಬ್ಬರದು. ಭುಜದ ಮೇಲಿನದನ್ನು ನಾನು ಕೆಳಪೇಟೆಯ ಬಳೆಗಾರನ ಭುಜದ ಮೇಲೆ ನೋಡಿದ್ದೆ. ಅವನು ಗಿರಣಿಯಲ್ಲಿ ಕೂತು ಕೆರೆದುಕೊಂಡರೆ ಮನೆಯಲ್ಲಿ ಇವಳದು ರಕ್ತ ಬರುತ್ತಿತ್ತು.

ಊರಿಗೆ ಖುಷಿಯೋ ಖುಷಿ. "ಎದ್ದಿದೆ ಕಣ್ರಪ್ಪೋ! ಬಾಯಿ ಸಿಕ್ತು!" ಅಂತ ನಮ್ಮ ಜಗಲಿಗೆ ಬಂದು ಸಾಲಾಗಿ ನಿಂತು ಅವಳ ಕೈ ನೋಡಿಕೊಂಡು ಹೋದರು. ಒಬ್ಬರೂ ಬೈಯಲಿಲ್ಲ, ಉಗಿಯಲಿಲ್ಲ. ತೀರಿತಲ್ಲ ಅನ್ನುವ ಸಮಾಧಾನದಲ್ಲಿ ನೋಡಿದರು. ನಾನು ಬೀದಿಯಲ್ಲಿ ನಿಂತು ಕೂಗಾಡಿದೆ.

"ಲೇ, ನಿಮ್ಮ ಕಣ್ಣಿಗೇನಾಗಿದೆ? ಹೇಳಿಸ್ತಿರೋನು ಆಚೆ ಕೂತವ್ನೆ. ಇವಳದ್ದು ಬರೀ ಬಾಯಿ ಕಣ್ರೋ!"

"ಮೈ ಸುಳ್ಳು ಹೇಳುತ್ತಾ ಸುಂದರಕ್ಕ? ಎದ್ದಿರೋದು ಎದ್ದಿದೆ," ಅಂದರು ಮೆತ್ತಗೆ, ನನಗೇ ಬುದ್ಧಿ ಹೇಳುವವರ ಹಾಗೆ.

ಮಾರ್ಕಂಡಯ್ಯನವರ ಮನೆಗೆ ಓಡಿದೆ. ಅವರು ತಲೆ ತಗ್ಗಿಸಿ ಕೂತಿದ್ದರು. "ಆ ಅಧ್ಯಕ್ಷ ಒಂದ್ಸಲ 'ನನ್ನ ಮಾತು' ಅಂದ್ರೆ ಸಾಕು ಸುಂದರಮ್ಮ, ಅವನ ದೇಶದ ಕೋರ್ಟೇ ಅವನನ್ನ ಹಿಡಿಯುತ್ತೆ. ಈಗ ನಿಮ್ ತಂಗಿ ಮೈಮೇಲೆ ಇರೋದೂ ಇಳಿದುಹೋಗುತ್ತೆ. ಅದಕ್ಕೇ ಅವನು ಸಲಹೆ ಕೊಡ್ತಾನೆ, ಮಾತು ಕೊಡಲ್ಲ. ನಾನು ಬರೆದ ಕಾನೂನಿನ ಒಂದೊಂದು ಅಕ್ಷರಾನೂ ಪಾಲಿಸಿದಾನೆ ಆ ಮನುಷ್ಯ."

"ಹಾಗಾದ್ರೆ ಅವಳು ಕುರ್ಚಿ ಬಿಡ್ಲಿ."

"ಬದಲಿಗೆ ಯಾರಾದ್ರೂ ಕೂರ್ಬೇಕಲ್ಲ. ನೀವು ಕೂರ್ತೀರಾ ಅಂದ್ರೆ ಕಂಪನಿ ಬೇಡ ಅನ್ನುತ್ತೆ. ನಿಮ್ಮ ಬಾಯಿ ಅವರಿಗೆ ಗೊತ್ತು."

ಕೆಳಪೇಟೆಯಲ್ಲಿ ಪುಟ್ಟತಾಯಿ ಅಂತ ಮಡಿವಾಳರ ಹೆಂಗಸು. ಬೆಳಗಿಂದ ಬೈಗಿನವರೆಗೂ ಹೊಳೆಯಲ್ಲಿ ಮೊಣಕಾಲುದ್ದ ನಿಂತು ಬಟ್ಟೆ ಒಗೆಯುವವಳು. ಊರ ಕೊಳೆ ಮನೆಯಲ್ಲಿ ಕೂತು 'ಬಿಡು' ಅಂದರೆ ಬಿಡುತ್ತದೆಯೇ? ಅವಳ ಉಸಿರು ಕಟ್ಟತೊಡಗಿತು. ಕೆಳಪೇಟೆಯಲ್ಲಿ ಅವಳು ಕೆಮ್ಮಿದರೆ ಪೇಟೆಯಲ್ಲಿ ವಾರಿಜ ಕೆಮ್ಮುತ್ತಿದ್ದಳು. ಕೆಮ್ಮು ಕೂಡ ಇವಳದಲ್ಲ, ಪುಟ್ಟತಾಯಿಯದೇ ದಪ್ಪ ದನಿಯ ಕೆಮ್ಮು ನನ್ನ ತಂಗಿಯ ಸಣ್ಣ ಗಂಟಲಿಂದ ಬರುತ್ತಿತ್ತು. ಬೀದಿಯ ಈ ತುದಿಯಲ್ಲಿ ನಿಂತರೆ ಎರಡೂ ಒಟ್ಟಿಗೆ ಕೇಳುತ್ತಿದ್ದವು. ನಮ್ಮೂರಲ್ಲಿ ಒಬ್ಬರನ್ನು ಕೊಂದವರು ಅದೇ ಗಳಿಗೆಯಲ್ಲಿ ತಾವೂ ಹೋಗುತ್ತಾರೆ. ಹೀಗಾದದ್ದು ನಮ್ಮಜ್ಜನ ಕಾಲದಲ್ಲಿ, ಆಮೇಲೆ ಯಾರೂ ಅಂಥದ್ದಕ್ಕೆ ಕೈ ಹಾಕಿಲ್ಲ. ಪುಟ್ಟತಾಯಿ ಸತ್ತರೆ ವಾರಿಜ ಸಾಯುತ್ತಾಳೆ.

ದಿನಾ ಪುಟ್ಟತಾಯಿಗೆ ಗಂಜಿ ಕಾಯಿಸಿಕೊಂಡು ಹೋದೆ. ಒಂದು ದಿನ ಅವಳು ಗೋಡೆಗೊರಗಿ ಕೂತು ನನ್ನನ್ನು ನೋಡಿದಳು.

"ನಾನ್ ಸತ್ರೆ ನಿನ್ ತಂಗೀನೂ ಹೋಯ್ತಾಳೆ ಅಂತ ತಾನೇ ನೀನು ಗಂಜಿ ತರೋದು?"

"ಹೂಂ ಕಣೇ. ಅದಕ್ಕೇ."

"ಇಲ್ದಿದ್ರೆ ಈ ಬೀದಿಗೆ ಬತ್ತಿದ್ದಾ ನೀನು?"

"ಬರ್ತಿರ್ಲಿಲ್ಲ."

"ಸದ್ಯ, ಸುಳ್ಳು ಹೇಳ್ನಿಲ್ವಲ್ಲ. ಕೊಡಿಲ್ಲಿ. ನಾಳೆಗೆ ಉಪ್ಪು ವಸಿ ಮುಂದಾಗಿ ಹಾಕು," ಅಂದಳು. ಹೊಳೆಗೆ ಹೋಗಬೇಡ ಅಂತ ಬೇಡಿಕೊಂಡೆ. ಹೋಗದಿದ್ದರೂ ಏನಂತೆ, ಅವಳ ಮನೆಯ ಬಾವಿಯ ನೀರೂ ಹೊಳೆಯ ಬಣ್ಣಕ್ಕೇ ತಿರುಗಿತ್ತು.

ಒಂದು ಸಂಜೆ ಪುಟ್ಟತಾಯಿ ಗಂಜಿ ಬೇಡವೆಂದು ಮುಖ ತಿರುಗಿಸಿದಳು. ಉಸಿರು ಎಳೆದುಕೊಂಡರೆ ಬಿಡುವುದಕ್ಕೆ ಎಷ್ಟೋ ಹೊತ್ತು. ಪಾತ್ರೆ ಅಲ್ಲೇ ಬಿಟ್ಟು ಕಾರ್ಖಾನೆಗೆ ಓಡಿದೆ, ತಂಗಿಯನ್ನು ಕುರ್ಚಿಯಿಂದ ಎಳೆದು ತರುವುದೇ ಸೈ ಅಂತ.

ಅವಳು ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. ತುಟಿ ನೀಲಿಯಾಗಿತ್ತು. ಪೆಟ್ಟಿಗೆ ಆಗಲೇ ಮಾತಾಡುತ್ತಿತ್ತು. ನಾನು ಕೈ ಹಿಡಿದು ಎಳೆಯಬೇಕು ಅನ್ನುವಾಗ ಆ ದನಿಯ ಹಿಂದೆ ಇನ್ನೇನೋ ಕೇಳಿಸಿತು. ಯಾರೋ ಕೆಮ್ಮುತ್ತಿದ್ದರು. ಇನ್ಯಾರೋ ಕರಕರ ಅಂತ ಕೆರೆದುಕೊಳ್ಳುತ್ತಿದ್ದರು. ಒಬ್ಬ ಗಂಡಸು ಸದ್ದಿಲ್ಲದೆ ಅಳುತ್ತಿದ್ದ, ಮೂಗೆಳೆಯುವುದು ಮಾತ್ರ ಕೇಳುತ್ತಿತ್ತು.

"ಯಾರೇ ಅವರೆಲ್ಲ?"

"ಬೇರೆ ಊರುಗಳೋರು ಅಕ್ಕ," ಅಂದಳು ವಾರಿಜ. "ಅಲ್ಲಲ್ಲಿ ಕುರ್ಚೀಲಿ ಕೂತಿರೋರು. ದಿನಾ ಇರ್ತಾರೆ. ಆ ಶಿಳ್ಳೆ ಹಾಕ್ದಂಗೆ ಉಸಿರಾಡೋರು ಹಿಮದೂರಿನವರು. ನಿನ್ನೆ ಇನ್ನೊಬ್ಬರಿದ್ರು. ಇವತ್ತು ಕೇಳಿಸ್ತಿಲ್ಲ."

ನನಗೆ ತಲೆ ಕೆಟ್ಟಿತು. ಪೆಟ್ಟಿಗೆಗೆ ಬಾಯಿಟ್ಟು ಗಿರಣಿಯಲ್ಲಿ ಕಿರುಚುವ ಹಾಗೆ ಕಿರುಚಿದೆ. "ಏಯ್! ನಿನಗೆ ಅಕ್ಕತಂಗೇರು ಇಲ್ವೇನೋ? ನಿನ್ನ ಹೆತ್ತೋಳ ಹೊಟ್ಟೆ ತಣ್ಣಗಿರುತ್ತೇನೋ?"

ಆಚೆ ಸ್ವಲ್ಪ ಗುಸುಗುಸು. ಆಮೇಲೆ ದುಭಾಷಿ ನುಣ್ಣಗೆ ಹೇಳಿದ, "ನಿಮಗೆ ಬೇಸರವಾಗಿದ್ದಕ್ಕೆ ವಿಷಾದ ಇದೆಯಂತೆ. ಆದರೆ ಆ ಕುರ್ಚಿಯಲ್ಲಿ ಕೂತವರ ಮಾತಿನ ಮೇಲೆ ನಮ್ಮ ಮಾತಿಲ್ಲ. ಬಿಡುವುದಾದರೂ ಅವರದೇ, ಮುಚ್ಚುವುದಾದರೂ ಅವರದೇ."

ಬೋರಯ್ಯ ಬಾಗಿಲಿಗೆ ಬಂದಿದ್ದ. "ಯಾರ ಮಾತಮ್ಮ?"

ವಾರಿಜ ಅವನನ್ನು ನೋಡಲಿಲ್ಲ. ಪೆಟ್ಟಿಗೆಯ ಹತ್ತಿರ ಬಗ್ಗಿದಳು. "ಇನ್ನೊಂದ್ಸಲ ಹೇಳಿ. ಎಲ್ಲರಿಗೂ ಕೇಳೋ ಹಾಗೆ ಹೇಳಿ."

ಅಧ್ಯಕ್ಷ ಅದನ್ನೇ ಹೇಳಿದ. ಪಾಪ, ಬಲು ಮರ್ಯಾದಸ್ಥ, ಬಿಡಿಸಿ ಬಿಡಿಸಿ ಹೇಳಿದ. ಅದರ ಬೆನ್ನಿಗೆ ಆಯಾ ಊರಿನ ದುಭಾಷಿಗಳು ಒಬ್ಬರಾದ ಮೇಲೊಬ್ಬರು ಅದನ್ನೇ ತಮ್ಮ ತಮ್ಮ ಭಾಷೆಯಲ್ಲಿ ಪಿಸುಗುಟ್ಟಿದರು. ಅಳುತ್ತಿದ್ದ ಗಂಡಸು ಅಳು ನಿಲ್ಲಿಸಿದ.

"ಬೋರಯ್ಯ, ಮುಚ್ಚಿ," ಅಂದಳು ನನ್ನ ತಂಗಿ. "ತೊಟ್ಟಿ, ಒಲೆ, ಗೇಟು, ಎಲ್ಲಾ ಮುಚ್ಚಿ."

"ಯಾರ ಮಾತು?" ಬೋರಯ್ಯನ ದನಿ ಸಣ್ಣಗಾಗಿತ್ತು. ಅವನ ಮನೆಯ ಒಲೆಯೂ ಅದೇ ಕೂಲಿಯಿಂದ ಉರಿಯುತ್ತಿದ್ದದ್ದು.

"ನನ್ನ ಮಾತು." ಹುಟ್ಟಿದಾಗಿಂದ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಹಿಮದೂರಿನ ಉಸಿರು ಶಿಳ್ಳೆ ಹಾಕುತ್ತಾ ಏನೋ ಒಂದೇ ಒಂದು ಮಾತು ಅಂದಿತು. ಅದರ ಹಿಂದೆ ದಡಾರನೆ ಕಬ್ಬಿಣ ಬಿದ್ದ ಸದ್ದು. ಆಮೇಲೆ ಅಳುತ್ತಿದ್ದವನು. ಆಮೇಲೆ ಇನ್ನೊಬ್ಬಳು ಹೆಂಗಸು. ಆ ಭಾಷೆಗಳಲ್ಲಿ ಒಂದೂ ನನಗೆ ಬಾರದು, ಆದರೆ ಅವರು ಹೇಳಿದ್ದೇನೆಂದು ಕೇಳಬೇಕಾದ್ದೇ ಇರಲಿಲ್ಲ. ಅಧ್ಯಕ್ಷ ಕಿರುಚಿದ. ದುಭಾಷಿಗೂ ಕಾಯದೆ ನಮ್ಮ ಭಾಷೆಯಲ್ಲೇ ಕಿರುಚಿದ, ಅಷ್ಟು ದಿನವೂ ಅವನಿಗೆ ಬರುತ್ತಿತ್ತು ಹಾಗಾದರೆ. "ತೆಗೀರಿ! ಈಗಲೇ ತೆಗೀರಿ!"

ಬೋರಯ್ಯ ಒಳಗೆ ಬಂದ. ಟವೆಲಿನಲ್ಲಿ ಕೈ ಒರೆಸಿಕೊಂಡು ಪೆಟ್ಟಿಗೆಯ ಮುಂದೆ ಬಗ್ಗಿ ನಿಂತ.

"ಯಾರ ಮಾತು ಸ್ವಾಮಿ?" ಅಂತ ಕೇಳಿದ. "ಕಂಪನಿ ಮಾತು ಅನ್ಬೇಡಿ. ನಿಮ್ ಹೆಸರು ಹೇಳಿ, ನನ್ನ ಮಾತು ಅನ್ನಿ. ತೆಗೀತೀನಿ."

ಪೆಟ್ಟಿಗೆಯಲ್ಲಿ ಎಲ್ಲ ಊರುಗಳೂ ಉಸಿರು ಹಿಡಿದು ಕಾದವು. ಕೆಮ್ಮು ಕೂಡ ನಿಂತಿತ್ತು. ಅವನು ಬಾಯಿ ತೆರೆದದ್ದು ನನಗೆ ಕೇಳಿಸಿತು, ನಾಲಿಗೆ ಅಂಗುಳಕ್ಕೆ ಅಂಟಿ ಬಿಟ್ಟ ಸದ್ದು. ಮಾತು ಬರಲಿಲ್ಲ. ಆಮೇಲೆ ಟಕ್ ಅಂತ ಪೆಟ್ಟಿಗೆ ಸತ್ತಿತು. ಬೋರಯ್ಯ ಹೋಗಿ ಎಲ್ಲವನ್ನೂ ಮುಚ್ಚಿ ಬಂದ.

ಪುಟ್ಟತಾಯಿ ಉಳಿದಳು. ಹೊಳೆ ನಿಧಾನವಾಗಿ ತಿಳಿಯಾಯಿತು, ವಾರಿಜಳ ಬೊಬ್ಬೆಗಳು ಒಂದೊಂದಾಗಿ ಒಣಗಿ ಉದುರಿದವು. ಕಂಪನಿ ಅವಳ ಮೇಲೆ ತನ್ನ ದೇಶದ ಕೋರ್ಟಿಗೆ ಹೋಯಿತು. ಮಾರ್ಕಂಡಯ್ಯ ಮತ್ತೆ ಸಮುದ್ರ ದಾಟಿ, ಗಡಿಕಲ್ಲಿನ ಮೇಲಿಂದ ಬಂದಿದ್ದ ಅದೇ ಕಾಗದವನ್ನು ಅವರ ಮುಂದಿಟ್ಟರಂತೆ. ಪೂರ್ತಿ ಅಧಿಕಾರ ನೀವೇ ಕೊಟ್ಟಿದ್ದೀರಲ್ಲ ಅಂತ ಕೋರ್ಟು ಕೇಳಿತಂತೆ. ಅಧ್ಯಕ್ಷನಿಗೆ ಏನಾಯಿತು ಅಂದಿರಾ? ಏನೂ ಆಗಲಿಲ್ಲ. ಬೇರೆ ಕಂಪನಿಗೆ ಹೋದನಂತೆ. ನೆನೆಸಿಕೊಂಡರೆ ಇವತ್ತಿಗೂ ನಾನು ಹಿಡಿಶಾಪ ಹಾಕುತ್ತೇನೆ, ಗಡಿಯಾಚೆಗೆ ಅದು ಮುಟ್ಟುವುದಿಲ್ಲ ಅಂತ ಗೊತ್ತಿದ್ದರೂ.

ಕಾರ್ಖಾನೆ ಮುಚ್ಚಿಯೇ ಇತ್ತು. ಒಂದು ಸಂಜೆ ವಾರಿಜಳಿಗೆ ಮುದ್ದೆ, ಬಸ್ಸಾರು ಬಡಿಸಿದೆ. ಉಂಡಳು. ಕೈ ತೊಳೆದು ಬಂದವಳು ಮತ್ತೆ ತಟ್ಟೆಯ ಮುಂದೆ ಕೂತಳು.

"ಅಕ್ಕ, ಇನ್ನೊಂಚೂರು ಹಾಕ್ತೀಯಾ?"

"ಈಗ ತಾನೇ ಉಂಡ್ಯಲ್ಲೇ! ಒಳ್ಳೇದಾಯ್ತು, ತಿನ್ನು. ಮೈ ಹತ್ತಲಿ."

ಹಾಕಿದೆ. ಅದೂ ಆಯಿತು. ಅವಳ ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು, ಮುಖ ಬೆವರಿತ್ತು. ಪಾತ್ರೆ ಬರಿದಾಗುವವರೆಗೂ ತಿಂದಳು. ನನಗೆ ಗಾಬರಿಯಾಯಿತು.

"ಏನೇ ಇದು? ಬಕಾಸುರ ಹೊಕ್ಕವ್ನಾ ನಿನ್ ಹೊಟ್ಟೇಲಿ?"

"ಇದು ನನ್ನ ಹಸಿವಲ್ಲ ಅಕ್ಕ," ಅಂದಳು. "ನಾನು ತಿಂದ್ರೆ ಹೋಗಲ್ಲ. ಬೋರಯ್ಯನ ಮನೇಲಿ ಇವತ್ತು ಒಲೆ ಹಚ್ಚಿಲ್ಲ. ಮೂಲೆಮನೆಯೋರು ನಿನ್ನೇನೇ ಹಚ್ಚಿಲ್ಲ." ಹಾಗೇ ಕಣ್ಣು ಮುಚ್ಚಿಕೊಂಡು ಒಂದೊಂದೇ ಮನೆಯ ಹೆಸರು ಹೇಳತೊಡಗಿದಳು. ಹೇಳುತ್ತಲೇ ಹೋದಳು. ನಾನು ಕಿವಿ ಮುಚ್ಚಿಕೊಂಡೆ, ಆದರೂ ಹೇಳುತ್ತಲೇ ಇದ್ದಳು.

ಬೈಯಬೇಕು ಅನ್ನಿಸಿತು, ಯಾರನ್ನು ಅಂತ ಹೊಳೆಯಲಿಲ್ಲ. ಅಳು ಬಂತು. ಅತ್ತುಕೊಂಡೇ ಇನ್ನೊಂದು ಎಸರಿಟ್ಟು ಮುದ್ದೆ ತೊಳಸಿದೆ, ಪಾತ್ರೆ ಸೆರಗಿನಲ್ಲಿ ಹಿಡಿದು ಹಿತ್ತಿಲಿನಿಂದ ಹೊರಟೆ. ಬೋರಯ್ಯನ ಮನೆ ನಮ್ಮ ಹಿತ್ತಿಲ ಗೋಡೆಗೇ ಅಂಟಿಕೊಂಡಿದೆ. ಅವನು ಮನೆಯಲ್ಲಿರಲಿಲ್ಲ, ಕೂಲಿ ಹುಡುಕಿಕೊಂಡು ಹೋಗಿದ್ದನಂತೆ. ಅವನ ಹೆಂಡತಿ ನನ್ನನ್ನು ನೋಡಿ ಮುಖ ಗಂಟಿಕ್ಕಿ ಒಳಗೆ ಹೋದಳು, ಬೇಡ ಅನ್ನಲಿಲ್ಲ ಅಷ್ಟೇ. ಅವಳ ಪುಟ್ಟ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ಮಾಡಿ ಮಾಡಿ ಇಟ್ಟೆ. ಮಗು ನುಂಗಿತು, ನೀರು ಕುಡಿಯಿತು. ಬಾಗಿಲ ಸಂದಿಯಲ್ಲಿ ನಿಂತಿದ್ದ ತಾಯಿಯ ಮುಖ ನೋಡಿತು.

"ಸಾಕು," ಅಂದಿತು ತಲೆ ತಗ್ಗಿಸಿಕೊಂಡು. "ಹೊಟ್ಟೆ ತುಂಬ್ತು."

ಗೋಡೆಯಾಚೆ ನಮ್ಮ ಅಡುಗೆಮನೆಯಿಂದ ವಾರಿಜಳ ದನಿ ಬಂತು.

"ಸುಳ್ಳು ಹೇಳ್ತಿದೆ ಅಕ್ಕ. ಇನ್ನೊಂದು ತುತ್ತು ಹಾಕು. ಅದಕ್ಕಿನ್ನೂ ತುಂಬಿಲ್ಲ."